ಗುಡ್ಡೆ ಬಿಟ್ಟುಕೊಟ್ಟ ನೀರು

ಸುಗ್ಗಿ ತಿಂಗಳ ಆ ಬೆಳಿಗ್ಗೆ ಮಂಜು ಬಿದ್ದಿರಲಿಲ್ಲ. ಕಡಲ ಕಡೆಯಿಂದ ಗಾಳಿಯೂ ಏಳದೆ ಗುಡ್ಡೆಯ ಮುಳಿಹುಲ್ಲು ಎಸಳೂ ಅಲುಗದೆ ನಿಂತಿತ್ತು. ಬಿಸಿಲೇರುವ ಮೊದಲೇ ಗುಡ್ಡೆಯ ಕೆಂಪು ಮುರಕಲ್ಲು ಬೆಚ್ಚಗಾಗಿತ್ತು. ಭುಜಂಗ ಸುರಂಗದ ಬಾಯಲ್ಲಿ ನಿಂತು ದೈವವನ್ನು ನೆನೆದು, ದೀಪ ಹಿಡಿದು ಬಗ್ಗಿ ಒಳಗೆ ಹೋದ.

ಉಪ್ಪಳದಿಂದ ಮೂಡಕ್ಕಿರುವ ಈ ಬೋಳುಗುಡ್ಡೆಯನ್ನು ಧಣಿಗಳು ಅವನಿಗೆ ಸಾಗುವಳಿಗೆ ಬಿಟ್ಟಿದ್ದರು. ಈ ಸುಗ್ಗಿ ಮುಗಿದು ಬರುವ ಬಿಸು ಹಬ್ಬದೊಳಗೆ ನೀರು ಕಾಣಿಸದಿದ್ದರೆ ಜಾಗ ಬಿಡಬೇಕೆಂದು ಮಾತಾಗಿತ್ತು. ಬಾವಿಗೆ ಸಿಗದ ನೀರನ್ನು ಗುಡ್ಡೆಗೆ ಅಡ್ಡಲಾಗಿ ಸುರಂಗ ಕೊರೆದು ತರುವುದು ಆ ಕಡೆಯ ರೂಢಿ. ಎರಡು ಬೇಸಗೆ ಅವನು ಕೊರೆದ. ಹೆಂಡತಿ ಅಕ್ಕು ಮಣ್ಣು ಹೊತ್ತಳು. ಒಳಗಿನ ಗೋಡೆ ಬೆವರುತ್ತಿತ್ತು, ನೆಲ ಒದ್ದೆಯಾಗುತ್ತಿತ್ತು, ಹೊರಗೆ ಮಾತ್ರ ಹನಿಯೂ ಬರಲಿಲ್ಲ. ಭುಜಂಗ ಗುಡ್ಡೆಗೆ ಕಿವಿ ಚುಚ್ಚಿದ್ದಾನೆ, ಇನ್ನು ಓಲೆ ಹಾಕುವುದೊಂದೇ ಬಾಕಿ ಎಂದು ನೆರೆಯ ಕಿಟ್ಟಣ್ಣ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಗಂಡಹೆಂಡತಿ ಗುಡ್ಡೆಯಲ್ಲಿ ನೆಟ್ಟ ವೀಳ್ಯದ ಬಳ್ಳಿ ಅಷ್ಟು ದಿನ ಬದುಕಿದ್ದು ಕೆಳಮನೆಯ ಜಲಜಾಕ್ಷಿಯಿಂದ. ಸಂಜೆಗೊಂದು ಕೊಡ ನೀರು ಅವಳೇ ತುಂಬಿಸಿ ಕೊಡುತ್ತಿದ್ದಳು. ನಿಮಗೆ ಬೇಡವೇ ಅಕ್ಕ ಎಂದು ಅಕ್ಕು ಕೇಳಿದರೆ, ನಮಗೆ ಉಂಟು ಎನ್ನುತ್ತಿದ್ದಳು.

ಹೊತ್ತೇರಿದಾಗ ಅಕ್ಕು ಗಂಜಿ ತಂದು ಸುರಂಗದೊಳಗೇ ಇಟ್ಟಳು. ದೀಪದ ಬೆಳಕಲ್ಲಿ ಬಟ್ಟಲನ್ನೇ ನೋಡುತ್ತ ಕುಳಿತಳು.

"ಗಂಜಿಯ ತಿಳಿ ಸುರಂಗದ ಒಳಬದಿಯ ಅಂಚಿಗೆ ಹೋಗಿ ನಿಂತಿದೆ, ನೋಡಿ."

"ನೀನು ಬಟ್ಟಲು ಓರೆ ಇಟ್ಟಿದ್ದಿ."

"ಬಟ್ಟಲು ಅಲ್ಲ, ನೆಲವೇ ಓರೆ. ಬಂದ ನೀರನ್ನೆಲ್ಲ ನೀವು ಗುಡ್ಡೆಗೇ ಕುಡಿಸ್ತಾ ಇದ್ದೀರಿ ಮಾರಾಯ್ರೆ."

ಭುಜಂಗ ಗಂಜಿ ಮುಟ್ಟಲಿಲ್ಲ. ದೀಪ ಹಿಡಿದು ಒಳಕ್ಕೆ ತೆವಳಿದ. ಕೊನೆಯಲ್ಲಿ, ನೆಲ ತಗ್ಗಾದಲ್ಲಿ, ಕಲ್ಲಿನ ಬಿರುಕೊಂದು ಸದ್ದಿಲ್ಲದೆ ನೀರು ನುಂಗುತ್ತಿತ್ತು. ಬಗ್ಗಿ ಬಗ್ಗಿ ಅಗೆದ ಕೈ, ತಿಳಿಯದೆಯೇ ಕೆಳಮುಖವಾಗಿ ಇಳಿದಿತ್ತು.

ಬಿರುಕಿಗೆ ಜೇಡಿಮಣ್ಣು ಮೆತ್ತಿದರು. ಬಳಿಕ ಬಾಯಿಯ ಕಡೆಯಿಂದ ನೆಲವನ್ನು ತಗ್ಗಿಸುತ್ತ ಒಳಕ್ಕೆ ಹೋದರು. ಇಬ್ಬರ ಕೈಯಲ್ಲೂ ಬೊಕ್ಕೆ ಎದ್ದಿತು. ಬಿಸುವಿನ ಮುನ್ನಾದಿನ ಕೊನೆಯ ತುಂಡು ಕಲ್ಲು ಕಿತ್ತಾಗ, ಕೆಂಪು ನೀರು ಮೊದಲು ತಡವರಿಸಿತು. ಆಮೇಲೆ ಭುಜಂಗನ ಕಾಲು ಸವರಿ, ದಾರಿ ಗೊತ್ತಿದ್ದ ಹಾಗೆ ಹೊರಗೆ ಹರಿದು ಬಿಸಿಲಿಗೆ ಬಂತು. ಅವನು ಅಲ್ಲೇ ಕುಳಿತು ಬೊಗಸೆ ಒಡ್ಡಿದ. ಮಧ್ಯಾಹ್ನ ಧಣಿಗಳು ಬಂದು ಅದೇ ನೀರಲ್ಲಿ ಕಾಲು ತೊಳೆದು, ಜಾಗ ಇನ್ನು ನಿನ್ನದೇ ಎಂದು ಹೇಳಿ ಹೋದರು. ಕಿಟ್ಟಣ್ಣನೂ ಬಂದ, ಒಂದು ಗುಟುಕು ಕುಡಿದು, "ಓಲೆ ಒಳ್ಳೆದುಂಟು" ಎಂದ.

ಸಂಜೆಗೆ ನೀರು ತಿಳಿಯಾಯಿತು. ಭುಜಂಗ ಮೊದಲ ಕೊಡವನ್ನು ದೈವದ ಕಲ್ಲಿಗೆ ಎರೆದ. ಎರಡನೆಯದನ್ನು ಅಕ್ಕು ಸೊಂಟಕ್ಕೇರಿಸಿ, ಬಳ್ಳಿಯ ಸಾಲು ದಾಟಿ ಕೆಳಗಿಳಿದಳು.

ಜಲಜಾಕ್ಷಿ ಬಾವಿಯಿಂದ ನೀರು ಸೇದುತ್ತಿದ್ದಳು. ಮೇಲೆ ಬಂದ ಕೊಡದಲ್ಲಿ ಅರ್ಧದಷ್ಟು ಕೆಸರಿತ್ತು. ಅಕ್ಕು ತುಂಬಿದ ಕೊಡವನ್ನು ಬಾವಿಕಟ್ಟೆಯ ಮೇಲೆ ಇಟ್ಟಳು. ಜಲಜಾಕ್ಷಿಯ ಕೈಯಿಂದ ಕೆಸರಿನ ಕೊಡ ತೆಗೆದುಕೊಂಡು, ಅದನ್ನೂ ತುಂಬಿಸಿ ತರಲು ಗುಡ್ಡೆ ಹತ್ತತೊಡಗಿದಳು.