ಮುನ್ನೂರು ಗ್ರಾಮಿನ ಬೆವರು

ನನ್ನ ಮೊಮ್ಮಗಳು ರೊವೆಲಿನ್ ಬೇರೆ ದೇಶಗಳಲ್ಲಿ ಭಾರ ಎತ್ತುವಾಗೆಲ್ಲ ನಾವು ನಮ್ಮ ದ್ವೀಪದ ಹಗ್ನಾ ಊರಿನ ಮನೆಯಲ್ಲಿ ಟಿವಿಯ ಮುಂದೆ ಕೂತೇ ನೋಡಿದವರು. ಆ ವರ್ಷ ವಿಶ್ವ ಸ್ಪರ್ಧೆ ನಮ್ಮದೇ ದೇಶದ ಸೆಬು ನಗರಕ್ಕೆ ಬಂತು. ಒಂದು ಕಡಲು ದಾಟಿದರೆ ಆಯಿತು. ಮನೆಮಂದಿಯೆಲ್ಲ ಹಡಗು ಹತ್ತಿದೆವು. ಹಿಂದೆ ಉಳಿದದ್ದು ಹಂದಿಗಳು, ಮತ್ತು ಅವುಗಳಿಗೆ ನೀರು ಹಾಕಲು ಒಪ್ಪಿದ ಪಕ್ಕದ ಮನೆಯವನು.

ರೊವೆಲಿನ್ ಐವತ್ತೈದು ಕಿಲೋ ತೂಕದ ಹೆಣ್ಣುಮಕ್ಕಳ ಗುಂಪಿನವಳು. ವೇದಿಕೆ ಹತ್ತುವ ಮೊದಲು ಇವರನ್ನೇ ತಕ್ಕಡಿಗೆ ಹತ್ತಿಸುತ್ತಾರೆ. ತೂಗುವ ಕೋಣೆ ಒಂದು ಗಂಟೆ ತೆರೆದಿರುತ್ತದೆ. ಅಷ್ಟರೊಳಗೆ ಮುಳ್ಳು ಐವತ್ತೈದಕ್ಕೆ ಇಳಿಯದಿದ್ದರೆ, ವರ್ಷಗಟ್ಟಲೆ ಬೆವರು ಸುರಿಸಿದ್ದೆಲ್ಲ ನೀರಿಗೆ ಹೋದಂತೆ.

ಹಿಂದಿನ ಸಂಜೆ ನಾವು ಇಳಿದುಕೊಂಡಿದ್ದ ನೆಂಟರ ಮನೆಗೆ ಅವಳು ಆಶೀರ್ವಾದಕ್ಕೆ ಬಂದಳು. ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಂಡು, ಹಾಗೇ ಹೊರಟುಬಿಡಬೇಕೆಂದು ಅವಳ ಕೋಚ್ ಅನಿಸೆತೊ ಹೇಳಿ ಕಳಿಸಿದ್ದನಂತೆ. ಆದರೆ ನಾವು ಊಟಕ್ಕೆ ಕೂತಿದ್ದೆವು. ನಮ್ಮಲ್ಲಿ ಬಂದವರನ್ನು 'ಬಾ, ಉಣ್ಣು' ಎಂದು ಕರೆಯದೆ ಯಾರೂ ತುತ್ತು ಎತ್ತುವುದಿಲ್ಲ. ಕರೆದ ಮೇಲೆ ಚೂರೂ ಬಾಯಿಗೆ ಹಾಕದಿದ್ದರೆ ಕರೆದವರ ಮುಖ ಸಣ್ಣದಾಗುತ್ತದೆ. ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ನನ್ನ ಮಗಳು ಪಾಸಿಂಗ್. ಅವಳು ಊರಿಂದ ನೇರಳೆ ಗೆಣಸಿನ ಹಲ್ವ ಮಾಡಿ ತಂದಿದ್ದಳು. ಆ ಗೆಣಸು ಕೈತಪ್ಪಿ ನೆಲಕ್ಕೆ ಬಿದ್ದರೆ ನಾವು ಎತ್ತಿ ಮುತ್ತಿಡುವವರು.

"ಇಂದಾಯ್, ಪುಟ್ಟಿ, ಒಂದೇ ಚಮಚ," ಎಂದಳು ಪಾಸಿಂಗ್.

"ತಿಯಾ, ನಾಳೆ ತೂಗ್ತಾರೆ," ಎಂದಳು ರೊವೆಲಿನ್ ಅತ್ತೆಗೆ.

"ನೀನು ನೂರು ಕಿಲೋ ಎತ್ತೋಳು. ಒಂದು ಚಮಚ ನಿಂಗೆ ಯಾವ ಲೆಕ್ಕ?"

ಹುಡುಗಿ ನಾಚಿಕೊಂಡು ಬಾಯಿ ತೆರೆದಳು. ಪಾಸಿಂಗಳದ್ದು ತಿಂದು ತನ್ನ ಚಿಕ್ಕಮ್ಮನದ್ದು ಬಿಡುವುದು ಹೇಗೆ? ಚಿಕ್ಕಮ್ಮನದ್ದು ತಿಂದ ಮೇಲೆ ಮಾವನದ್ದು? ಹೀಗೆ ಒಬ್ಬೊಬ್ಬರ ಮುಂದೆಯೂ ಬಗ್ಗಿ, ಕೈ ಹಣೆಗೆ ಒತ್ತಿ, ಒಂದೊಂದು ತುತ್ತು ತಿಂದು ಹೋದಳು. ಪ್ರತಿಯೊಬ್ಬರ ಲೆಕ್ಕಕ್ಕೂ ತಾನು ಕೊಟ್ಟದ್ದು ಒಂದೇ ಚಮಚ.

ಮರುದಿನ ಮಧ್ಯಾಹ್ನ ನಾವು ಬಾಡಿಗೆಗೆ ಹಿಡಿದಿದ್ದ ಜೀಪ್ನಿ, ಕಿಟಕಿಗೆ ಗಾಜಿಲ್ಲದ ಉದ್ದನೆಯ ಜೀಪು, ಕ್ರೀಡಾಂಗಣದ ಹೊರಗೆ ಬಿಸಿಲಲ್ಲಿ ನಿಂತಿತ್ತು. ನಾವು ಮರದ ನೆರಳಲ್ಲಿದ್ದೆವು. ಅನಿಸೆತೊ ರೊವೆಲಿನ್‌ಳನ್ನು ಕರೆದುಕೊಂಡು ಸರಸರ ಬಂದ. ಅವಳು ಪ್ಲಾಸ್ಟಿಕ್ ಕೋಟು ತೊಟ್ಟಿದ್ದಳು. ತುಟಿ ಒಣಗಿತ್ತು.

"ನಿನ್ನೆ ಇವಳಿಗೆ ಯಾರು ಏನು ತಿನ್ನಿಸಿದ್ರಿ?"

"ಒಂದು ಚಮಚ ಸರ್," ಎಂದಳು ಪಾಸಿಂಗ್.

"ನಾನೂ ಒಂದೇ," ಎಂದಳು ಚಿಕ್ಕಮ್ಮ.

"ಲೋಲೋ, ಅಜ್ಜಾ, ನೀವು?"

"ಒಂದು ಬೆರಳಷ್ಟು ಕಲಮಾಯ್, ಅಕ್ಕಿ ತೆಂಗಿನ ಪಾಕ," ಎಂದೆ ನಾನು.

ಪಾಸಿಂಗಳ ಗಂಡ ದೋಮಿಂಗ್ ತಲೆ ಕೆರೆದುಕೊಂಡ. "ನಾನು ಚಮಚ ಕೊಡಲೇ ಇಲ್ಲ ಸರ್."

"ಸದ್ಯ, ಒಬ್ಬರಾದ್ರೂ."

"ತಟ್ಟೆನೇ ಕೊಟ್ಟೆ."

ಅನಿಸೆತೊ ಕಣ್ಣು ಮುಚ್ಚಿ ತೆರೆದ. "ಮುನ್ನೂರು ಗ್ರಾಂ ಜಾಸ್ತಿ ಇದ್ದಾಳೆ. ಬೆಳಿಗ್ಗೆಯಿಂದ ಓಡಿಸಿದೀನಿ. ಒಳಗೆ ಎಸಿ, ಬೆವರೇ ಬರ್ತಿಲ್ಲ. ಕೋಣೆ ಮುಚ್ಚೋಕೆ ಇನ್ನು ಮುಕ್ಕಾಲು ಗಂಟೆ ಇದೆ."

ಪಾಸಿಂಗ್ ಕೂರಲು ಜೀಪ್ನಿಯ ಮೆಟ್ಟಿಲ ಕಡೆ ಹೋದಳು. ಡ್ರೈವರ್ ನೊನೊಯ್ ತಡೆದ. "ಹತ್ಬೇಡಿ ಅಕ್ಕಾ, ಬೆಂದು ಹೋಗ್ತೀರಿ. ಈಗ ಅದು ಗಾಡಿಯಲ್ಲ, ಬ್ರೆಡ್ ಸುಡೋ ಒಲೆ."

ಅನಿಸೆತೊ ತಿರುಗಿ ಆ ಗಾಡಿಯನ್ನು ನೋಡಿದ. "ಮಳೆ ಪರದೆ ಇದ್ಯಾ?"

"ಇದೆ."

"ಎಲ್ಲ ಇಳಿಬಿಡು. ಹತ್ರೀ ಎಲ್ಲರೂ. ನಿಮ್ಮ ಮೈಬಿಸಿನೂ ಬೇಕು."

ನಾವು ಹತ್ತಿದೆವು. ರೊವೆಲಿನ್ ನಡುವೆ, ನಾವು ಎರಡು ಬದಿಗೆ ಒತ್ತೊತ್ತಾಗಿ, ಬುಟ್ಟಿಗೆ ತುಂಬಿದ ಮೀನಿನಂತೆ. ಸುತ್ತ ಪ್ಲಾಸ್ಟಿಕ್ ಪರದೆ ಇಳಿಯಿತು. ಉಸಿರು ಕಟ್ಟಿಕೊಂಡು ಕೂತವರಿಗೆ ಅನಿಸೆತೊ, "ಹಾಡ್ರೀ, ಬಿಸಿ ಉಸಿರು ಬಿಡ್ರೀ," ಎಂದ. ಹಾಡಿ ಎಂದು ನಮಗೆ ಎರಡನೆಯ ಸಲ ಹೇಳಬೇಕಾಗಿಲ್ಲ. ಗೊತ್ತಿದ್ದ ಹಾಡನ್ನೆಲ್ಲ ಹಾಡಿದೆವು, ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಹಾಡಿದೆವು. ದೋಮಿಂಗ್ ಅಂಗಿ ಬಿಚ್ಚಿದ. ಚಿಕ್ಕಮ್ಮನ ಹುಬ್ಬಿನ ಬಣ್ಣ ಕೆನ್ನೆಗೆ ಇಳಿಯಿತು. ರೊವೆಲಿನ್‌ಳ ಹಣೆಯ ಮೇಲೆ ಮೊದಲ ಹನಿ ಮೂಡಿತು.

"ತಿಯಾ, ನಿಲ್ಲಿಸ್ಬೇಡಿ," ಎಂದಳು. "ನಿಮ್ಮ ರಾಗಕ್ಕೇ ಬೆವರು ಕಿತ್ಕೊಂಡು ಬರ್ತಿದೆ."

ಕಾವಲುಗಾರ ಬಂದು ಪರದೆ ತಟ್ಟಿದ. "ಒಳಗೆ ಏನು ನಡೀತಿದೆ?"

"ಅಡುಗೆ," ಎಂದ ಹೊರಗಿದ್ದ ನೊನೊಯ್.

ಅವಳನ್ನು ಒರೆಸಿ ಒಳಗೆ ಓಡಿಸಿಕೊಂಡು ಹೋದರು. ನಾವು ಹೊರಗೆ ಗಾಳಿಗೆ ನಿಂತೆವು. ಸ್ವಲ್ಪ ಹೊತ್ತಿಗೇ ಇಬ್ಬರೂ ಮರಳಿದರು. ತೂಕ ಇನ್ನೂ ಒಂದು ಗುಟುಕು ನೀರಿನಷ್ಟು ಹೆಚ್ಚಿತ್ತು. ಬೆವರಿಸುವುದಕ್ಕೆ ಹೊತ್ತಿರಲಿಲ್ಲ. ಅನಿಸೆತೊ ಅವಳ ಕೈಗೆ ಖಾಲಿ ಡಬ್ಬಿ ಕೊಟ್ಟ. "ಉಗುಳು."

"ಬಾಯಿ ಒಣಗಿದೆ ಕೋಚ್. ಏನೂ ಬರ್ತಿಲ್ಲ."

ಪಾಸಿಂಗ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಇವತ್ತು ಅವಳ ಕೈಯಲ್ಲಿ ಚಮಚವಿರಲಿಲ್ಲ. ಮೆಲ್ಲಗೆ ಶುರುಮಾಡಿದಳು.

"ಹಿತ್ತಲ ಮಾವಿನಮರ ನೆನಪಿದ್ಯಾ? ಕಾಯಿ ಈಗ ನಿನ್ನ ಮುಷ್ಟಿಯಷ್ಟಿದೆ. ಹಸಿರು. ಕೊಯ್ದರೆ ಚಾಕುಗೇ ಹುಳಿ ಹತ್ತತ್ತೆ."

ರೊವೆಲಿನ್ ನುಂಗಿಕೊಳ್ಳಲು ಹೋದಳು. "ನುಂಗ್ಬೇಡ," ಎಂದ ಅನಿಸೆತೊ.

"ತೆಳ್ಳಗೆ ಹೆಚ್ತೀನಿ. ಮೇಲೆ ಕಲ್ಲುಪ್ಪು. ಪಕ್ಕದಲ್ಲಿ ಸೀಗಡಿ ಉಪ್ಪಿನಕಾಯಿ, ಖಾರದ ವಿನೆಗರ್."

ಡಬ್ಬಿಯಲ್ಲಿ ಮೊದಲ ಸದ್ದು ಕೇಳಿಸಿತು.

"ಹಲ್ಲು ಚುಳ್ ಅನ್ನತ್ತೆ, ಕಣ್ಣು ತಾನಾಗೇ ಮುಚ್ಚತ್ತೆ," ಎಂದ ದೋಮಿಂಗ್, ತನ್ನ ಬಾಯಿ ಒರೆಸಿಕೊಳ್ಳುತ್ತ.

"ನೀನು ಸುಮ್ನಿರು, ನಿನ್ನ ತಟ್ಟೆಯಿಂದಾನೇ ಇಷ್ಟೆಲ್ಲ ಆಗಿದ್ದು," ಎಂದಳು ಪಾಸಿಂಗ್. ಮತ್ತೆ ಮಾವಿನಕಾಯಿಗೆ ಮರಳಿದಳು. ಕೇಳುತ್ತ ನಿಂತ ನಮ್ಮೆಲ್ಲರ ಬಾಯಲ್ಲೂ ನೀರು. ಎಂಬತ್ತು ದಾಟಿದ, ಹಲ್ಲಿಲ್ಲದ ನನ್ನ ಬಾಯಲ್ಲೂ. ಹುಡುಗಿ ಉಗುಳಿದಳು, ನಕ್ಕಳು, ಮತ್ತೆ ಉಗುಳಿದಳು.

ಕೋಣೆಯ ಬಾಗಿಲು ಮುಚ್ಚುವ ಮೊದಲು ಕೊನೆಯದಾಗಿ ತಕ್ಕಡಿ ಹತ್ತಿದವಳು ಅವಳೇ. ಅನಿಸೆತೊ ಹೊರಗೆ ಬಂದ. ಪಾಸಿಂಗಳ ಕೈಯನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡ. ನಮಗೆ ತಿಳಿಯಿತು.

ಅವಳು ಗಂಜಿ ಕುಡಿದು, ಒಂದಿಷ್ಟು ಮಲಗಿ ಎದ್ದು, ವೇದಿಕೆಗೆ ಬಂದಾಗ ಬೇರೆಯೇ ಹುಡುಗಿಯಂತಿದ್ದಳು. ಕೊನೆಯ ಸಲ ಭಾರವನ್ನು ಹೆಗಲಿಗೆ ತಂದು ನಿಂತಳು, ಒಂದು ಉಸಿರು ಎಳೆದಳು, ಎತ್ತಿ ಹಿಡಿದಳು. ಎತ್ತಿದ್ದು ಸರಿ ಎಂದು ಮೂರು ಬಿಳಿ ದೀಪ ಹತ್ತಿದವು. ಅವಳಿಗೆ ಕಂಚು ಬಂದಿತ್ತು.

ನಾವೆಲ್ಲ ಎದ್ದು ನಿಂತು ಬಾಯಿ ತೆರೆದೆವು. ಜೀಪ್ನಿಯಲ್ಲಿ ಕಿರುಚಿ ಕಿರುಚಿ ಗಂಟಲು ಹೋಗಿದ್ದರಿಂದ ಒಬ್ಬರಿಗೂ ಸ್ವರ ಹೊರಡಲಿಲ್ಲ. ಪಾಸಿಂಗ್ ಪಕ್ಕದಲ್ಲಿದ್ದ ಪರದೇಶದವನ ತೋಳು ಹಿಡಿದು, ವೇದಿಕೆಯತ್ತ ಬೆರಳು ಮಾಡಿ, ಕೂಗು ಎಂದು ಸನ್ನೆ ಮಾಡಿದಳು. ಅವನು ಯಾವ ದೇಶದವನೋ ಏನೋ. ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ನಮ್ಮ ಹುಡುಗಿಯ ಹೆಸರನ್ನು ಪೂರ್ತಿ ತಪ್ಪಾಗಿ, ಛಾವಣಿ ಹಾರುವಷ್ಟು ಗಟ್ಟಿಯಾಗಿ ಕೂಗಿದ.