ಬೆರಳ ಸಂದಿ

“ಕೈ ತಿರುಗಿಸೇ, ಕೋತಿ! ಅಂಗೈ ನೋಡಿ ನಾನೇನು ಭವಿಷ್ಯ ಹೇಳ್ಬೇಕಾ? ಬೆರಳ ಸಂದಿ ತೋರ್ಸು.”

ಮೇಡಮ್ಮಿನ ಟಾರ್ಚಿನ ಬೆಳಕು ಗುಂಡಕ್ಕನ ಬೆರಳುಗಳ ನಡುವೆ ಇಳಿಯಿತು. ಮಸಾಜ್ ಮನೆಯ ಒಳ ಹಜಾರಕ್ಕೆ ಕಿಟಕಿಯಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಆರು ಹೆಂಗಸರು ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಕೈ ಚಾಚಬೇಕು, ಬೆರಳು ಅಗಲಿಸಬೇಕು. ಮೇಡಮ್ ಒಂದೊಂದು ಕೈಯನ್ನೂ ಟಾರ್ಚಿನ ತುದಿಯಿಂದಲೇ ತಿರುವಿ ನೋಡುತ್ತಾಳೆ, ಹುಳುಕು ಬದನೆಕಾಯಿ ಆರಿಸುವವಳ ಹಾಗೆ. ತಾನು ಮುಟ್ಟುವುದಿಲ್ಲ.

“ಉಗುರು ನೋಡು, ಸಲಿಕೆ! ಗಿರಾಕಿ ಬೆನ್ನಲ್ಲಿ ಬಾವಿ ತೋಡ್ತೀಯಾ?”

“ಇಲ್ಲ ಮೇಡಮ್” ಅಂದಳು ಗುಂಡಕ್ಕ. ಅವಳ ಮುಖ ಕಲ್ಲಾಗಿತ್ತು, ಹೊಟ್ಟೆ ಮಾತ್ರ ಕುಲುಕುತ್ತಿತ್ತು. ಬಾಯಿಗೆ ನಗಲು ಬಿಡದಿದ್ದರೆ ಅವಳ ಹೊಟ್ಟೆ ತಾನೇ ನಗುತ್ತದೆ.

ಗುಂಡಕ್ಕನ ಪಕ್ಕ ಚಿಕ್ಕಮ್ಮ, ಚಿಕ್ಕಮ್ಮನ ಪಕ್ಕ ಪಿಸಿಪಿಸಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಚಿಕ್ಕಮ್ಮನ ಸೆರಗು ಹಿಡಿದು ಇಲ್ಲಿಗೆ ಬಂದ ಹುಡುಗಿ. ಹತ್ತು ವರ್ಷವಾದರೂ ದನಿ ಗಂಟಲಿನಿಂದ ಮೇಲೆ ಬಂದಿರಲಿಲ್ಲ. ಅವಳು ಏನು ಹೇಳಿದರೂ ಪಿಸಿಪಿಸಿ. ಹಾಗಾಗಿ ಅದೇ ಹೆಸರಾಯಿತು.

ಟಾರ್ಚು ಚಿಕ್ಕಮ್ಮನ ಕೈಗೆ ಬಂತು. ಪಿಸಿಪಿಸಿ ಉಸಿರು ಬಿಗಿ ಹಿಡಿದಳು.

ಆ ಬೆರಳುಗಳಿಗೆ ಅವಳು ಬೆಳಗಾಗೆದ್ದು ಚಹಾದ ಗಸಿ ತಿಕ್ಕಿದ್ದಳು. ಮೂರು ಸಲ ಕುದಿಸಿ ಇಂಗಿಸಿದ ಕಪ್ಪು ಗಸಿ. ಎರಡು ವರ್ಷದ ಹಿಂದೆ ಚಿಕ್ಕಮ್ಮನ ಒಂದು ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಬಿಳುಪು ಕಂಡಿತ್ತು. ಈಗ ಅದು ಎರಡೂ ಕೈಗಳ ಬೆರಳಿಗೆ ಹಾಲು ಚೆಲ್ಲಿದ ಹಾಗೆ ಹಬ್ಬಿತ್ತು. ತೊನ್ನು. ನೋಯುವುದಿಲ್ಲ, ತುರಿಸುವುದಿಲ್ಲ, ಯಾರಿಗೂ ಅಂಟುವುದಿಲ್ಲ. ಆದರೆ ಮೇಡಮ್ಮಿಗೆ ಕಂಡರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಇಬ್ಬರೂ ಮಲಗುವ, ಟವೆಲ್ ಒಣಗಿಸುವ ಮೇಲಿನ ಅಟ್ಟವೂ ಹೋಗುತ್ತದೆ. ಗಸಿಯ ಬಣ್ಣ ಎಣ್ಣೆಗೆ ಜಗ್ಗುವುದಿಲ್ಲ. ಹಬೆಗೆ ಮಾತ್ರ ಕರಗುತ್ತದೆ. ಅದಕ್ಕೇ ಚಿಕ್ಕಮ್ಮ ಹಬೆ ಕೋಣೆಯ ಸರದಿ ಬಂದಾಗಲೆಲ್ಲ ಹೊಟ್ಟೆನೋವು, ಹಲ್ಲುನೋವು, ಇಲ್ಲದ ಬಂಧುವಿನ ಸಾವು, ಏನಾದರೊಂದು ಹುಟ್ಟಿಸುತ್ತಿದ್ದಳು.

“ಏನೇ ಇಷ್ಟು ಕಪ್ಪಗೆ? ಇದ್ದಿಲು ಮಾರೋಕೆ ಹೋಗಿದ್ಯಾ?” ಎನ್ನುತ್ತ ಟಾರ್ಚು ಮುಂದೆ ಹೋಯಿತು. ಪಿಸಿಪಿಸಿ ಉಸಿರು ಬಿಟ್ಟಳು.

“ಕೇಳ್ರೇ ಎಲ್ಲಾ. ಇವತ್ತು ಲೈಸೆನ್ಸ್ ಸಾಹೇಬ್ರು ಬರ್ತಾರೆ. ಗಿರಾಕಿಗಳ ಮೈ ಬಗ್ಗೆ ಯಾವಳಾದ್ರೂ ಬಾಯಿ ಬಿಟ್ಟರೆ ಹಲ್ಲುದುರಿಸ್ತೀನಿ. ಕಜ್ಜಿ, ಹುಳುಕಡ್ಡಿ, ಇಂಥ ಹೊಲಸು ಮಾತು ಈ ಮನೇಲಿ ಇಲ್ಲ.”

ಮಾತು ಇರಲಿಲ್ಲ, ಮಾಲು ಬೇಕಾದಷ್ಟಿತ್ತು.

ಅದಕ್ಕೇ ಹೆಂಗಸರು ತಮ್ಮದೇ ಮಾತು ಕಟ್ಟಿಕೊಂಡಿದ್ದರು. ಚಿಕ್ಕಮ್ಮ ಮೊದಲು ಒಬ್ಬ ಚರ್ಮದ ಡಾಕ್ಟರ ಕೋಣೆಯಲ್ಲಿ ನೆಲ ಒರೆಸುತ್ತಿದ್ದವಳು. ಡಾಕ್ಟರು ರೋಗಿಗಳಿಗೆ ಹೇಳಿದ್ದನ್ನೆಲ್ಲ ಮೇಜಿನ ಕೆಳಗಿಂದ ಕೇಳಿಸಿಕೊಂಡಿದ್ದಳು. ದುಂಡಗೆ, ಅಂಚು ಕೆಂಪಗೆ ಉಬ್ಬಿ ನಡುವೆ ತಿಳಿಯಾಗಿರುವ ಹುಳುಕಡ್ಡಿಗೆ “ಬಳೆ”. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕಳ ಸುತ್ತ ಸಣ್ಣ ಗೆರೆ ಕೊರೆದು ರಾತ್ರಿಯಿಡೀ ಕೆರೆಸುವ ಕಜ್ಜಿಗೆ “ಇರುವೆ”. ಬೆಳ್ಳಗೆ ಹೊಪ್ಪಳೆ ಏಳುವ ಸೋರಿಯಾಸಿಸ್‌ಗೆ “ಬೆಳ್ಳಿ”. ತೊನ್ನಿಗೆ “ಹಾಲು”. ಬಳೆ, ಇರುವೆ ಅಂಟುತ್ತವೆ. ಹಾಲು, ಬೆಳ್ಳಿ ಅಂಟುವುದಿಲ್ಲ. ಪಿಸಿಪಿಸಿಗೆ ಶಾಲೆಯ ಮಗ್ಗಿ ಮರೆತಿತ್ತು, ಈ ಮಗ್ಗಿ ಮರೆತಿರಲಿಲ್ಲ.

ಹನ್ನೊಂದು ಗಂಟೆಗೆ ಎಣ್ಣೆ ಬಿಸಿ ಮಾಡುವ ಮೂಲೆಯಲ್ಲಿ ಆರೂ ಜನ ಸೇರಿದ್ದರು.

“ಮೂರನೇ ಕೋಣೆಯವನು ಎರಡು ಡಜನ್ ಬಳೆ ತೊಟ್ಕೊಂಡು ಬಂದವ್ನೆ ಕಣ್ರೇ” ಅಂದಳು ಗುಂಡಕ್ಕ. “ಸೊಂಟದ ಸುತ್ತ! ಮದುಮಗಳು ನಾಚ್ಕೋಬೇಕು.”

“ನೀನೇನ್ ಮಾಡ್ದೆ?”

“ಬಳೆ ಬಿಟ್ಟು ಬಾಕಿ ಕಡೆ ತಿಕ್ಕಿದೆ. ಬೋಳಿಮಗ, ‘ಅಲ್ಲೇ ತಿಕ್ಕು, ಹಾಯಾಗತ್ತೆ’ ಅಂತಾನೆ. ನಿಂಗೆ ಹಾಯಿ, ನಂಗೆ ನಾಯಿಪಾಡು!”

“ಪಿಸಿ, ಮೇಡಮ್ ಮಾಡೇ” ಎಂದು ಯಾರೋ ಕುಮ್ಮಕ್ಕು ಕೊಟ್ಟರು.

ಇದೊಂದು ಗುಟ್ಟು. ಸ್ವಂತ ದನಿ ಇಲ್ಲದ ಪಿಸಿಪಿಸಿಯ ಗಂಟಲಲ್ಲಿ ಮೇಡಮ್ಮಿನ ದನಿ ಇಡಿಯಾಗಿ ಕುಳಿತಿತ್ತು. ಅವಳು ಬಾಗಿಲ ಕಡೆ ನೋಡಿದಳು, ಗಲ್ಲ ಎತ್ತಿದಳು.

“ಸಾಲಾಗಿ ನಿಲ್ರೇ ಕತ್ತೆಗಳಾ! ಕೈ ಮುಂದೆ! ಬೆರಳು ಅಗಲ!”

ಐದು ಜೊತೆ ಕೈಗಳು ತಮ್ಮಷ್ಟಕ್ಕೆ ತಾವೇ ಮೇಲೆದ್ದವು. ಗುಂಡಕ್ಕ ತನ್ನ ಚಾಚಿದ ಕೈಗಳನ್ನೇ ನೋಡಿ, “ಥೂ ದರಿದ್ರ ಕೈಗಳಾ, ನಿಮಗೆ ಮಾನ ಇಲ್ವಾ!” ಎಂದು ಬೈದಳು. ನಗು ತಡೆಯಲಾರದೆ ಎಲ್ಲರೂ ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡರು. ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು.

ಆಗಲೇ ಮೇಡಮ್ ಒಳಗೆ ನುಗ್ಗಿದಳು. ಈ ಸಲ ನಿಜವಾದವಳು.

“ಸಾಹೇಬ್ರು ಬಂದಾಯ್ತು. ನಾಲ್ಕು ಕೈ ಬೇಕಂತೆ, ಹಬೆ ಕೋಣೇಲಿ. ನೀನು, ನೀನು.” ಬೆರಳು ಚಿಕ್ಕಮ್ಮನಿಗೂ ಪಿಸಿಪಿಸಿಗೂ ಚುಚ್ಚಿತು.

“ಮೇಡಮ್, ನಂಗೆ ಹಲ್ಲುನೋವು…”

“ಹಲ್ಲಿಂದ ತಿಕ್ತೀಯೇನೇ?”

“ಹಾಗಾದ್ರೆ ಗ್ಲೌಸ್ ಆದ್ರೂ ಕೊಡಿ.”

“ಸಾಹೇಬ್ರಿಗೆ ಗ್ಲೌಸಾ? ಅವರೇನು ಹೆಣಾನಾ? ನಡಿ!”

ಲೈಸೆನ್ಸ್ ಸಾಹೇಬ ಹಬೆಯ ನಡುವೆ ಬೋರಲು ಬಿದ್ದಿದ್ದ. ವರ್ಷಕ್ಕೊಮ್ಮೆ ಬಂದು, ಮೈ ತಿಕ್ಕಿಸಿಕೊಂಡು, ಹೆಂಗಸರ ಕೈ ಪರೀಕ್ಷೆ ಮಾಡಿ, ಈ ಮನೆ ಶುಚಿಯಾಗಿದೆ ಎಂದು ಸಹಿ ಹಾಕುವವನು. ಈ ವರ್ಷ ಎರಡು ತಿಂಗಳ ಹಿಂದೆ “ಸುಮ್ಮನೆ ನೋಡ್ಕೊಂಡು ಹೋಗೋಕೆ” ಅಂತ ಇನ್ನೊಮ್ಮೆಯೂ ಬಂದಿದ್ದ. ಆಗ ಅವನ ಮೈ ತಿಕ್ಕಿದವಳು ಕುಳ್ಳಿ. ತಿಂಗಳಾಗುವಷ್ಟರಲ್ಲಿ ಕುಳ್ಳಿ ಕಂಬಕ್ಕೆ ಬೆನ್ನು ಉಜ್ಜತೊಡಗಿದಳು. ಟಾರ್ಚು ಅವಳ ಬೆರಳ ಸಂದಿಯಲ್ಲಿ ನಿಂತ ದಿನ ಮೇಡಮ್, “ಎಲ್ಲಿ ಬಿದ್ದು ಹೊರಳಾಡಿ ತಂದ್ಯೇ ಇದನ್ನ?” ಎಂದು ಬಾಗಿಲಾಚೆ ತಳ್ಳಿದ್ದಳು. ಏಳು ಜನ ಆರಾಗಿದ್ದು ಹಾಗೆ.

“ಆಹಾ… ಅಲ್ಲಿ. ಸೊಂಟದ ಹತ್ರ. ಕೆರಿ, ಸ್ವಲ್ಪ ಕೆರಿ” ಅಂದ ಸಾಹೇಬ. ಸುಖಕ್ಕೆ ಅವನ ಒಂದು ಕಾಲು ನಾಯಿಯ ಕಾಲಿನ ಹಾಗೆ ತಾನಾಗಿ ಒದ್ದುಕೊಳ್ಳುತ್ತಿತ್ತು.

ಪಿಸಿಪಿಸಿ ಅವನ ಕೈ ಎತ್ತಿ ತಿಕ್ಕಲು ಹೋದವಳು ನಿಂತಳು. ಬೆರಳ ಸಂದಿಯಲ್ಲಿ ಸೂಜಿಯಿಂದ ಗೀರಿದಂಥ ಗೆರೆಗಳು, ತುದಿಗೊಂದು ಗುಳ್ಳೆ. ಮಣಿಕಟ್ಟಿನಲ್ಲೂ ಅದೇ.

“ಇರುವೆ” ಎಂದು ಅವಳು ಚಿಕ್ಕಮ್ಮನ ಕಿವಿಯಲ್ಲಿ ಉಸುರಿದಳು.

“ಎಷ್ಟು?”

“ಮೆರವಣಿಗೆ.”

ಚಿಕ್ಕಮ್ಮ ತುಟಿ ಕಚ್ಚಿ ನಗು ನುಂಗಿದಳು. ಅವಳ ಭುಜ ಅಲುಗಿತು. ಅವಳ ಬೆರಳಿನಿಂದ ಒಂದು ಕಂದು ಹನಿ ಸಾಹೇಬನ ಬಿಳಿ ಟವೆಲಿನ ಮೇಲೆ ಬಿತ್ತು. ಆಮೇಲೆ ಇನ್ನೊಂದು.

ಸಾಹೇಬ ತಲೆ ಎತ್ತಿದ. ಹನಿ ನೋಡಿದ. ಹನಿ ಬಿದ್ದ ಕೈ ನೋಡಿದ. ಹಬೆಯಲ್ಲಿ ಹತ್ತೂ ಬೆರಳು ಬೆಳ್ಳಗೆ ಹೊಳೆಯುತ್ತಿದ್ದವು.

“ತೊನ್ನು! ಅಯ್ಯಯ್ಯೋ, ತೊನ್ನಿನ ಕೈ! ಈ ಕೈಯಿಂದ ನನ್ನ ಮುಟ್ಟಿದ್ಯಾ ಮುಂಡೆ? ಬಿಸಿನೀರು! ಸೋಪು! ಯಾರ್ರೀ ಅಲ್ಲಿ!”

ಟವೆಲ್ ಸುತ್ತಿಕೊಂಡು ಅವನು ಹಜಾರಕ್ಕೆ ಓಡಿಬಂದ. ಅರ್ಧ ದಾರಿಯಲ್ಲಿ ಟವೆಲ್ ಜಾರಿತು, ಹಿಡಿದುಕೊಂಡ. ಗದ್ದಲಕ್ಕೆ ಒಂದೊಂದೇ ಬಾಗಿಲು ತೆರೆಯಿತು. ಮೂರನೇ ಕೋಣೆಯ ಬಳೆಯವನು ಹೊರಗೆ ಬಂದ. ಐದನೇ ಕೋಣೆಯಿಂದ ಮುದುಕ ಮೇಷ್ಟ್ರು ಬಂದರು. ಅವರ ಮೊಣಕೈ ತುಂಬ ಬೆಳ್ಳಿ. ಎಣ್ಣೆ ಮೂಲೆಯಿಂದ ಹೆಂಗಸರೆಲ್ಲ ಬಂದರು. ಮೇಡಮ್ ಮೆಟ್ಟಿಲಿನಿಂದ ಉರುಳಿಕೊಂಡೇ ಬಂದಳು ಅನ್ನಬೇಕು.

“ಏನ್ರೀ ಇದು! ಕುಷ್ಠದವರನ್ನೆಲ್ಲ ಇಟ್ಕೊಂಡು ಮನೆ ನಡೆಸ್ತೀರಾ? ಇವತ್ತೇ ಬೀಗ ಹಾಕ್ತೀನಿ!”

“ಸಾರ್, ಸಾರ್, ನನಗೆ ಗೊತ್ತೇ ಇರ್ಲಿಲ್ಲ. ಬಣ್ಣ ಬಳ್ಕೊಂಡು ಮೋಸ ಮಾಡವ್ಳೆ, ಹಲ್ಕಾ ಮುಂಡೆ.” ಮೇಡಮ್ ಚಿಕ್ಕಮ್ಮನ ಕಡೆ ತಿರುಗಿದಳು. “ನಿನ್ನ ಗಂಟು ಕಟ್ಟು. ಈಗ್ಲೇ. ಆ ಮೂಗೀನೂ ಕರ್ಕೊಂಡ್ ಹೋಗು.”

“ಅದು ಅಂಟಲ್ಲ ಮೇಡಮ್. ಡಾಕ್ಟರೇ ಹೇಳಿದ್ದು, ನಾನು…”

“ನೆಲ ಒರೆಸೋಳು ನನಗೆ ಡಾಕ್ಟರಿಕೆ ಹೇಳ್ತೀಯಾ? ಮುಚ್ಚು!”

ಚಿಕ್ಕಮ್ಮ ಮುಚ್ಚಿದಳು. ಬಾಯನ್ನಲ್ಲ, ಕೈಗಳನ್ನು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಳು. ಹತ್ತು ವರ್ಷ ಪಿಸಿಪಿಸಿಯ ತಲೆ ಬಾಚಿದ ಕೈಗಳು.

“ಉಳಿದವರದ್ದೂ ನೋಡ್ಬೇಕು. ಒಬ್ಬೊಬ್ಬರದ್ದೂ” ಅಂದ ಸಾಹೇಬ, ಹೊಕ್ಕಳ ಹತ್ತಿರ ಪರಪರ ಕೆರೆದುಕೊಳ್ಳುತ್ತ.

“ನೋಡಿ ಸಾರ್. ಏಯ್ ಮೂಗಿ, ಹೋಗೋ ಮುಂಚೆ ಇದೊಂದು ಕೆಲಸ ಮಾಡು. ಸಾಹೇಬ್ರಿಗೆ ಬೆಳಕು ಹಿಡಿ.” ಮೇಡಮ್ ಟಾರ್ಚನ್ನು ಪಿಸಿಪಿಸಿಯ ಕೈಗೆ ತುರುಕಿದಳು.

ಅಷ್ಟರಲ್ಲಿ ಕರೆಂಟು ಹೋಯಿತು.

ಕಿಟಕಿಯಿಲ್ಲದ ಹಜಾರ ಡಾಂಬರಿನಷ್ಟು ಕಪ್ಪಾಯಿತು. ಯಾರೋ ಯಾರದೋ ಕಾಲು ತುಳಿದರು. ಒಂದು ಟವೆಲ್ ಜಾರಿದ ಸದ್ದಾಯಿತು. “ನನ್ನದಲ್ಲ” ಅಂದರು ಮೇಷ್ಟ್ರು. ಪಿಸಿಪಿಸಿಯ ಹೆಬ್ಬೆರಳು ಟಾರ್ಚಿನ ಗುಂಡಿಯ ಮೇಲಿತ್ತು. ಅವಳು ಒತ್ತಲಿಲ್ಲ. ಗಂಟಲಲ್ಲಿ ಏನೋ ಕಚಗುಳಿಯಿಟ್ಟಂತಾಯಿತು. ಇದು ಭಯವೋ ನಗುವೋ ಎಂದು ಅವಳು ಯೋಚಿಸುವಷ್ಟರಲ್ಲಿ ಬಾಯಿ ತೆರೆದಾಗಿತ್ತು.

“ಸಾಲಾಗಿ ನಿಲ್ರೀ ಎಲ್ಲಾ! ಗೋಡೆಗೆ ಬೆನ್ನು! ಕೈ ಮುಂದೆ! ಬೆರಳು ಅಗಲ!”

ಕತ್ತಲಲ್ಲಿ ಸರಸರ ಸದ್ದು. ಬರಿಗಾಲು, ಚಪ್ಪಲಿ, ಒದ್ದೆ ಪಾದ, ಎಲ್ಲವೂ ಗೋಡೆ ಹುಡುಕಿಕೊಂಡು ಹೋದವು. ಎಲ್ಲೋ ಗುಂಡಕ್ಕನ ಹೊಟ್ಟೆ ಕುಲುಕಿದ್ದು ಕಿವಿಗೇ ಕೇಳಿಸಿತು.

ಪಿಸಿಪಿಸಿ ಗುಂಡಿ ಒತ್ತಿದಳು.

ಹೆಂಗಸರ ಕೈಗಳು ಚಾಚಿದ್ದವು, ಅದು ಅಭ್ಯಾಸ. ಅವರ ಪಕ್ಕ ಬಳೆಯವನು ಕೈ ಚಾಚಿದ್ದ. ಮೇಷ್ಟ್ರು ಚಾಚಿದ್ದರು. ಆ ದನಿಯ ಅಬ್ಬರಕ್ಕೆ ಲೈಸೆನ್ಸ್ ಸಾಹೇಬನೂ, ಟವೆಲನ್ನು ಕಂಕುಳಲ್ಲಿ ಅವುಚಿಕೊಂಡು, ಹತ್ತೂ ಬೆರಳು ಬಿಡಿಸಿಕೊಂಡು ನಿಂತಿದ್ದ.

ಬೆಳಕು ಅವನ ಬೆರಳ ಸಂದಿಗೆ ಇಳಿಯಿತು.

“ಕಜ್ಜಿ” ಅಂದಳು.

ಅದು ಮೇಡಮ್ಮಿನ ದನಿಯಾಗಿರಲಿಲ್ಲ. ಯಾರೂ ಕೇಳಿರದ ದನಿ, ಸ್ವಲ್ಪ ಒಡಕು, ಸ್ವಲ್ಪ ದೊಡ್ಡದು. ಕೇಳಿ ಅವಳೇ ಬೆಚ್ಚಿದಳು. ಚೆನ್ನಾಗಿದೆ ಅನ್ನಿಸಿ ಇನ್ನೊಮ್ಮೆ ಅಂದಳು. “ಕಜ್ಜಿ! ಅಂಟತ್ತೆ. ಕುಳ್ಳಿಗೆ ಅಂಟಿಸಿದ್ದು ಇದೇ ಕೈ. ಔಷಧಿ ಹಚ್ಕೊಂಡು, ಹಾಸಿಗೆ ಬಟ್ಟೆ ಕುದಿಸಿ, ವಾಸಿಯಾದ್ಮೇಲೆ ಬಾ. ಅಲ್ಲೀವರ್ಗೂ ನಿನ್ನ ಮುಟ್ಟೋದಿಲ್ಲ.”

“ಏಯ್, ಯಾರಿಗೆ ಏಕವಚನ…” ಸಾಹೇಬ ಕೈ ಎಳೆದುಕೊಂಡ. ಟವೆಲ್ ಬಿತ್ತು. ಬೆಳಕು ಅವನ ಹೊಕ್ಕಳ ಮೇಲೆ ಒಂದು ಕ್ಷಣ ನಿಂತಿತು.

“ಇಲ್ಲೂ ಇರುವೆ ಮೆರವಣಿಗೆ” ಅಂದಳು ಗುಂಡಕ್ಕ. ಆಮೇಲೆ ಯಾರೂ ಯಾರ ಬಾಯನ್ನೂ ಮುಚ್ಚಲಿಲ್ಲ. ಸಾಹೇಬ ಟವೆಲ್ ಬಾಚಿಕೊಂಡು ಹೊರಗೆ ಓಡಿದ.

ಟಾರ್ಚು ಮುಂದೆ ಹೋಯಿತು. ಮೂರನೇ ಕೋಣೆಯವನ ಸೊಂಟ. “ಹುಳುಕಡ್ಡಿ. ಅಂಟತ್ತೆ. ಟವೆಲ್ ಬಿಟ್ಟು ಹೋಗ್ಬೇಡ, ತಗೊಂಡೇ ಹೋಗು.” ಅವನು ತಲೆಯಾಡಿಸಿ ಗೋಡೆಯಗುಂಟ ಜಾರಿಕೊಂಡ. ಮೇಷ್ಟ್ರು ಮೊಣಕೈ ಮುಚ್ಚಿಕೊಳ್ಳಲು ಹೋದರು. ಅವರ ಹತ್ತಿರ ಬಂದಾಗ ಪಿಸಿಪಿಸಿ ಬೆಳಕು ತಗ್ಗಿಸಿದಳು, ದನಿಯೂ ಹಳೆಯ ಪಿಸುಮಾತಿಗೆ ಇಳಿಯಿತು. “ನಿಮ್ಮದು ಅಂಟಲ್ಲ ಮೇಷ್ಟ್ರೇ. ಒಳಗೆ ಹೋಗಿ ಮಲಗಿ. ಚಿಕ್ಕಮ್ಮ ಮೆತ್ತಗೆ ಎಣ್ಣೆ ಹಚ್ತಾಳೆ.”

ಮೇಷ್ಟ್ರು ಚಿಕ್ಕಮ್ಮನನ್ನು ನೋಡಿದರು. ಚಿಕ್ಕಮ್ಮ ಸೆರಗಿನಿಂದ ಕೈಗಳನ್ನು ಹೊರಗೆ ತೆಗೆದಳು.

“ಬಾಮ್ಮ” ಅಂದರು ಮೇಷ್ಟ್ರು.

“ನಿಲ್ಸೇ!” ಮೇಡಮ್ ಚೀರಿದಳು. “ಪೊಲೀಸ್ ಕರೀತೀನಿ! ಎಲ್ಲರನ್ನೂ ಬೀದಿಗೆ ಹಾಕ್ತೀನಿ!”

ಬೆಳಕು ದನಿ ಬಂದ ಕಡೆ ತಿರುಗಿತು. ಮೇಡಮ್ ಸಾಲಿನ ಕೊನೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕತ್ತಲಲ್ಲಿ ತನ್ನದೇ ದನಿ ಕೇಳಿ ಅವಳೂ ಹೋಗಿ ನಿಂತುಬಿಟ್ಟಿದ್ದಳು. ಎರಡೂ ಕೈ ಮುಂದಿದ್ದವು. ಬೆಳಕು ತಾಗಿದ್ದೇ ತಡ ಅಂಗೈ ಮೇಲೆ ಮಾಡಿ, ಬೆರಳುಗಳನ್ನು ಒಂದಕ್ಕೊಂದು ಬಿಗಿಯಾಗಿ ಒತ್ತಿ ಹಿಡಿದಳು. ಹೆಬ್ಬೆರಳೊಂದು ಮಾತ್ರ ಮೆಲ್ಲಗೆ, ತಡೆಯಲಾರದೆ, ಪಕ್ಕದ ಬೆರಳಿನ ಬುಡವನ್ನು ಕೆರೆಯುತ್ತಿತ್ತು.

ಹೊರಗೆ ಸಾಹೇಬ ಷೂ ಹುಡುಕುತ್ತ ಬಯ್ಯುತ್ತಿದ್ದ. ಕರೆಂಟು ಇನ್ನೂ ಬಂದಿರಲಿಲ್ಲ. ಪಿಸಿಪಿಸಿ ಟಾರ್ಚನ್ನು ಹತ್ತಿರ ಒಯ್ದಳು, ಅದರ ತುದಿಯಿಂದ ಮೇಡಮ್ಮಿನ ಮಣಿಕಟ್ಟನ್ನು ಮೆಲ್ಲಗೆ ತಟ್ಟಿದಳು.

“ಕೈ ತಿರುಗಿಸೇ, ಕೋತಿ” ಅಂದಳು, ತನ್ನದೇ ದನಿಯಲ್ಲಿ. “ಬೆರಳ ಸಂದಿ ತೋರ್ಸು.”