ಮೂರನೆಯ ಪಿಸ್ಟನ್

ಒದಾಲಿಸ್ ಮತ್ತು ಎವಾರಿಸ್ತೊ ಗಂಡ ಹೆಂಡತಿ ಸಂಬಂಧ ಕಡಿದುಕೊಂಡಾಗ ಎಲ್ಲವೂ ಪಾಲಾಯಿತು. ಮನೆ ಅವಳಿಗೆ, ಹೊಳೆಯಾಚೆಯ ಹೊಲ ಅವನಿಗೆ, ಹಂದಿಗಳು ಸಮಸಮ. ಹಳೆಯ ಕೆಂಪು ರಷ್ಯನ್ ಟ್ರ್ಯಾಕ್ಟರನ್ನು ಮಾತ್ರ ಸೀಳುವಂತಿರಲಿಲ್ಲ. ಅದು ಅವಳ ಅಂಗಳದ ಮಾವಿನ ಮರದ ಕೆಳಗೇ ಉಳಿಯಿತು. ಉಳುವ ಕಾಲಕ್ಕೆ ಅವನು ಬಂದು ಒಯ್ಯುತ್ತಿದ್ದ, ಅವಳು ಹೋಗಿ ಬೈದು ವಾಪಸ್ ತರುತ್ತಿದ್ದಳು. ನಮ್ಮ ಹಳ್ಳಿ ಪಾಲ್ಮಾ ಸೋಲಾದಲ್ಲಿ ಅದಕ್ಕೆ ‘ಬಿಟ್ಟವರ ಕೂಸು’ ಎಂದೇ ಹೆಸರು.

ಆ ವರ್ಷದ ಚಂಡಮಾರುತ ನಮ್ಮ ಮಾಡುಗಳನ್ನೆಲ್ಲ ಕಿತ್ತೊಯ್ದಿತು. ಟ್ರ್ಯಾಕ್ಟರಿನ ಹೊಗೆಕೊಳವೆಯ ಬಾಯಿಗೆ ಕವುಚಿದ್ದ ಡಬ್ಬಿಯೂ ಅದರ ಜೊತೆ ಹಾರಿಹೋಯಿತು. ತಲೆ ಮೇಲೆ ಸೂರಿಲ್ಲದಾಗ ಡಬ್ಬಿಯನ್ನು ಯಾರು ಹುಡುಕುತ್ತಾರೆ? ಮಳೆಯೆಲ್ಲ ನಿಂತು, ಕಪ್ಪು ಬೀನ್ಸ್ ಬಿತ್ತಲು ನೆಲ ಹದವಾದಾಗ ಒದಾಲಿಸ್ ಗಾಡಿ ಹತ್ತಿ ಕೀಲಿ ತಿರುಗಿಸಿದಳು. ‘ಟಕ್’ ಎಂದಿತು, ಅಷ್ಟೆ.

ಸುದ್ದಿ ತಿಳಿದು ಎವಾರಿಸ್ತೊ ಬಂದ. ಬ್ಯಾಟರಿ ಸತ್ತಿದೆ ಎಂದ. ನಾನು ಪಕ್ಕದ ಮನೆಯವನು; ನನ್ನ ಲಾರಿಯ ಬ್ಯಾಟರಿ ತಂದು ಜೋಡಿಸಿದೆವು. ಮತ್ತೆ ಅದೇ ‘ಟಕ್’. ಮುಂದಿನ ದೀಪಗಳು ಮಾತ್ರ ಒಮ್ಮೆಲೇ ಮಂಕಾದವು.

“ಸ್ಟಾರ್ಟರ್ ಒದ್ದಾಡ್ತಾ ಇದೆ. ಒಳಗಿರೋದು ತಿರುಗ್ತಾ ಇಲ್ಲ,” ಅಂದಳು ಒದಾಲಿಸ್.

ಅವಳು ಸುಮ್ಮನೆ ಹೇಳುವವಳಲ್ಲ. ಹುಡುಗಿಯಾಗಿದ್ದಾಗಲೇ ಸರ್ಕಾರಿ ಕಬ್ಬಿನ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸಿದವಳು. ಎವಾರಿಸ್ತೊಗೆ ಓಡಿಸಲು ಕಲಿಸಿದವಳೂ ಅವಳೇ. ಬಿಚ್ಚಿ ಜೋಡಿಸುವುದರಲ್ಲಿ ಅವನ ಕೈ ಮೇಲು, ಅದನ್ನು ಅವಳೂ ಒಪ್ಪುತ್ತಿದ್ದಳು, ಅವನೆದುರಿಗೆ ಅಲ್ಲ.

“ಕುಕೋ, ಹಗ್ಗ ತಗೊಂಡ್ ಬಾರೋ,” ಎಂದು ಎವಾರಿಸ್ತೊ ನನಗೆ ಕೂಗಿದ. “ನಿನ್ನ ಲಾರಿಗೆ ಕಟ್ಟಿ ಎಳೆಯೋಣ. ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ರೆ ಅದರಪ್ಪನೂ ತಿರುಗ್ತಾನೆ.”

“ಹಗ್ಗ ಮುಟ್ಟಿದ್ರೆ ಕೈ ಮುರೀತೀನಿ. ಒಳಗೆ ನೀರು ನಿಂತಿದ್ರೆ? ಪಿಸ್ಟನ್ನಿನ ರಾಡು ಬಾಗಿ ಎಂಜಿನ್ನಿನ ಬ್ಲಾಕ್ ಸೀಳಿ ಹೊರಗೆ ಇಣುಕುತ್ತೆ. ಬಿಗಿದಿದ್ದನ್ನೆಲ್ಲ ಎಳೆದೇ ಬಿಡಿಸ್ತೀನಿ ಅನ್ನೋದು ನಿನ್ನ ಹಳೇ ಚಾಳಿ.”

“ಶುರುವಾಯ್ತು,” ಎಂದ ಅವನು ನನ್ನ ಕಡೆ ತಿರುಗಿ. ಆದರೆ ಹಗ್ಗದ ಮಾತು ಬಿಟ್ಟ.

ಹೊರಗಿನಿಂದ ಒಂದೊಂದೇ ನೋಡುತ್ತ ಹೋದರು. ಗೇರು ತಪ್ಪಿಸಿದರು, ಕ್ಲಚ್ ಒತ್ತಿ ಹಿಡಿದು ಎಂಜಿನ್ನಿನ ಮುಂದಿನ ಚಕ್ರಕ್ಕೆ ಹಾರೆ ಕೊಟ್ಟು ಮೀಟಿದರು, ಅಲುಗಲಿಲ್ಲ. ಫ್ಯಾನಿನ ಬೆಲ್ಟು ಕಳಚಿದಾಗ ನೀರಿನ ಪಂಪೂ ಡೈನಮೋನೂ ಬೆರಳಿಗೇ ತಿರುಗಿದವು. ಸ್ಟಾರ್ಟರನ್ನು ಬಿಚ್ಚಿ ಕೆಳಗಿಟ್ಟು ನೋಡಿದರೆ ಅದರ ಹಲ್ಲೂ ಸಿಕ್ಕಿಕೊಂಡಿರಲಿಲ್ಲ. ಹಾಗಾದರೆ ರೋಗ ಹೊಟ್ಟೆಯೊಳಗೇ ಇದೆ. ಅಡಿಯ ಬಿರಡೆ ತೆಗೆದರು. ಮೊದಲು ನೀರು ಬಂತು, ಆಮೇಲೆ ಹಾಲು ಬೆರೆಸಿದ ಕಾಫಿಯಂಥ ಎಣ್ಣೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಕಳಚಿ ಮೂಸಿದರು. ನಾಲ್ಕರಲ್ಲಿ ಮೂರಕ್ಕೆ ಡೀಸೆಲ್ಲಿನ ವಾಸನೆ. ಮೂರನೆಯ ಸಿಲಿಂಡರಿನದರ ತುದಿ ಮಾತ್ರ ತುಕ್ಕು ಹಿಡಿದು ಕೆಂಪಾಗಿತ್ತು.

ಮಾರನೆಯ ದಿನ ಸಿಲಿಂಡರುಗಳ ಮೇಲಿನ ಮುಚ್ಚಳವನ್ನು, ಅಂದರೆ ಹೆಡ್ಡನ್ನು, ಎತ್ತಿದೆವು. ಕಾರಣ ಕಣ್ಣೆದುರಿಗೇ ಇತ್ತು. ಗಾಡಿ ಕೊನೆಯ ಸಲ ನಿಂತಾಗ ಮೂರನೆಯ ಸಿಲಿಂಡರಿನ ಹೊಗೆ ಬಾಗಿಲು ತೆರೆದೇ ಉಳಿದಿತ್ತು. ಕೊಳವೆಯಲ್ಲಿ ಇಳಿದ ಮಳೆ ನೇರ ಅಲ್ಲಿಗೇ ಹೋಗಿ ಕೂತು, ಪಿಸ್ಟನ್ನಿಗೂ ಗೋಡೆಗೂ ಬೆಸುಗೆ ಹಾಕಿದಂತೆ ತುಕ್ಕಾಗಿತ್ತು.

“ಡಬ್ಬಿಗೆ ತಂತಿ ಸುತ್ತು ಅಂತ ಎಷ್ಟು ಸಲ ಹೇಳಿಲ್ಲ ನಾನು?” ಎಂದ ಎವಾರಿಸ್ತೊ.

“ಕೊನೇಲಿ ಓಡಿಸಿದ್ದು ಯಾರಪ್ಪಾ?”

ಇಬ್ಬರೂ ನನ್ನನ್ನು ನೋಡಿದರು. ನಾನು ಮಾವಿನ ಮರ ನೋಡಿದೆ.

ಪಿಸ್ಟನ್ನಿನ ಮೇಲೆ ಕಾಣುವ ತುಕ್ಕನ್ನು ಉಜ್ಜಿ ತೆಗೆದು, ಡೀಸೆಲ್ಲಿಗೆ ಬ್ರೇಕಿನ ಎಣ್ಣೆ ಬೆರೆಸಿ ಸಿಲಿಂಡರಿಗೆ ತುಂಬಿದರು. ಇನ್ನು ಅದು ತುಕ್ಕಿನೊಳಗೆ ಇಳಿಯುವತನಕ ಕಾಯಬೇಕು. ಬೆಳಿಗ್ಗೆ ಒದಾಲಿಸ್ ಎಣ್ಣೆ ತುಂಬುವಳು, ಮಧ್ಯಾಹ್ನ ಕಾಫಿಯ ಹೊತ್ತಿಗೆ ಎವಾರಿಸ್ತೊ ಬಂದು ಹಾರೆ ಹಾಕಿ ಆಚೆಗೊಮ್ಮೆ ಈಚೆಗೊಮ್ಮೆ ಒತ್ತುವನು. ಅವಳು ಬೆಳ್ಳುಳ್ಳಿ ಒಗ್ಗರಣೆಯ ಮರಗೆಣಸು ಮುಂದಿಟ್ಟರೆ ಅವನು ಎರಡನೇ ಸಲ ಹಾಕಿಸಿಕೊಳ್ಳುವನು. ಊರಿನಲ್ಲಿ ಗುಸುಗುಸು ಎದ್ದಿತು. ಟ್ರ್ಯಾಕ್ಟರ್ ಕೆಟ್ಟಿದ್ದೇ ಒಳ್ಳೆಯದಾಯಿತು, ಇಬ್ಬರೂ ಮತ್ತೆ ಒಂದಾಗುತ್ತಾರೆ ಎಂದು ನಾನೂ ನಾಲ್ಕು ಮಂದಿಯ ಮುಂದೆ ಹೇಳಿದ್ದೆ.

ಒಂದು ಮಧ್ಯಾಹ್ನ ಅವನು ಗಟ್ಟಿ ಮರದ ತುಂಡನ್ನು ಸಿಲಿಂಡರಿನ ಅಳತೆಗೆ ದುಂಡಗೆ ಕೆತ್ತಿ ತಂದ. ಅದನ್ನು ಪಿಸ್ಟನ್ನಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟತೊಡಗಿದ. ಅವಳು ಹಾರೆ ಹಿಡಿದು ಒತ್ತುತ್ತಿದ್ದಳು. ತಟ್ಟುತ್ತ ತಟ್ಟುತ್ತ, ತಲೆ ಎತ್ತದೆ ಅವನು ಹೇಳಿದ:

“ಗುವಾಯೊಸ್‌ನಲ್ಲಿ ಮಾಗ್ದಾ ಅಂತ ಇದಾಳೆ. ಬಿತ್ತನೆ ಮುಗಿದ್ಮೇಲೆ ಅವಳ ಮನೆಗೇ ಹೋಗಿರ್ತೀನಿ.”

“ಗೊತ್ತು. ಈ ಕುಕೋ ಒಬ್ಬನಿಗೆ ಗೊತ್ತಿಲ್ಲ ಅಷ್ಟೆ.”

ನನ್ನ ಕಿವಿ ಬಿಸಿಯಾಯಿತು.

“ಅವಳದ್ದು ಭತ್ತದ ಗದ್ದೆ,” ಅಂದ ಅವನು. “ಟ್ರ್ಯಾಕ್ಟರ್ ಬೇಕಾಗುತ್ತೆ.”

ಒದಾಲಿಸ್ ಹಾರೆಯನ್ನು ಕೆಳಗಿಟ್ಟಳು. “ಓಹೋ, ಅದಕ್ಕೇ ಇಷ್ಟು ನಿಯತ್ತಾಗಿ ಬರ್ತಿದ್ದೆ.” ಅಷ್ಟೇ ಹೇಳಿ ಒಳಗೆ ಹೋದಳು. ಬಾಗಿಲು ಹಾಕಿದ ಸದ್ದಾಯಿತು. ಅವನು ಮರದ ತುಂಡನ್ನು ಪಿಸ್ಟನ್ನಿನ ಮೇಲೇ ಬಿಟ್ಟು, ಟೋಪಿ ಹಾಕಿಕೊಂಡು ನಡೆದುಬಿಟ್ಟ. ಪಿಸ್ಟನ್ ಕೂದಲೆಳೆಯಷ್ಟೂ ಕದಲಿರಲಿಲ್ಲ.

ಆಮೇಲೆ ಅವನು ಬರಲಿಲ್ಲ. ಅವಳ ಅಂಗಳದಿಂದ ಮಾತ್ರ ದಿನವೂ ಟಪ್ ಟಪ್ ಎಂದು ಮರಕ್ಕೆ ಸುತ್ತಿಗೆ ತಾಗುವುದು ಕೇಳುತ್ತಿತ್ತು. ಕರೆಯದೆ ಹೋಗಲು ನನಗೆ ಧೈರ್ಯವಿರಲಿಲ್ಲ. ಒಂದು ಬೆಳಿಗ್ಗೆ ಸದ್ದು ನಿಂತಿತು. ಬೇಲಿಯಾಚೆಯಿಂದ ಅವಳೇ ಕೂಗಿದಳು.

“ಕುಕೋ, ಅವನನ್ನ ಕರ್ಕೊಂಡು ಬಾ. ನಾನು ಬಿಡಿಸಿದೆ ಅಂತ ಹೇಳ್ಬೇಡ. ಬಿಡ್ತು ಅಂತ ಹೇಳು.”

ಎವಾರಿಸ್ತೊ ಬಂದು ಹಾರೆ ಹಾಕಿದ. ನಾಲ್ಕೂ ಪಿಸ್ಟನ್‌ಗಳು ಕೊಸರುತ್ತ, ಕಿರುಗುಟ್ಟುತ್ತ ಮೇಲೆ ಕೆಳಗೆ ಆಡಿದವು. ಅವನು ಅವಳ ಅಂಗೈಯ ಬೊಬ್ಬೆಗಳನ್ನು ನೋಡಿದ. “ಪಿಸ್ಟನ್ನಿನ ಉಂಗುರಗಳು ಮುರಿದಿಲ್ಲ ತಾನೇ?” ಎಂದಷ್ಟೇ ಕೇಳಿದ.

“ಹೊರಗೆ ತೆಗೆದು ನೋಡಿದೆ. ಒಂದೂ ಮುರಿದಿಲ್ಲ. ಸಿಲಿಂಡರಿನ ಗೋಡೆನ ತುಕ್ಕು ಸ್ವಲ್ಪ ತಿಂದಿದೆ. ಹೊಗೆ ಉಗುಳುತ್ತೆ, ಆದ್ರೆ ಓಡುತ್ತೆ.”

ಈಗ ಇನ್ನೊಂದು ತೊಡಕು. ಬ್ಲಾಕಿಗೂ ಹೆಡ್ಡಿಗೂ ನಡುವೆ ಹಾಕುವ ಗ್ಯಾಸ್ಕೆಟ್ ಎತ್ತುವಾಗಲೇ ಹರಿದಿತ್ತು. ಇಡೀ ಜಿಲ್ಲೆಯಲ್ಲಿ ಎವಾರಿಸ್ತೊ ವಿಚಾರಿಸದ ಶೆಡ್ಡಿಲ್ಲ. ಸಿಕ್ಕಿದ್ದು ಒಂದೇ, ಅದೂ ಮಾಗ್ದಾಳ ಅಣ್ಣನ ಅಟ್ಟದಲ್ಲಿ. ಅದನ್ನು ಹೇಳಲು ಅವನು ಒದ್ದಾಡುವುದನ್ನು ನೋಡಿ ಒದಾಲಿಸ್‌ಗೇ ನಗು ಬಂತು.

“ಹೋಗಿ ಕೇಳು. ನಾನೇನು ಗ್ಯಾಸ್ಕೆಟ್ ಮೇಲೆ ಮುನಿಸ್ಕೊಂಡಿದ್ದೀನಾ?”

ಅದನ್ನು ತಂದವಳು ಮಾಗ್ದಾಳೇ. ಕುದುರೆ ಗಾಡಿಯಲ್ಲಿ, ಎರಡು ಹಲಗೆಗಳ ನಡುವೆ ಗ್ಯಾಸ್ಕೆಟ್ ಇಟ್ಟು, ಮೇಲೆ ಹೂವಿನ ಹೊದಿಕೆ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಳು. ಕುಳ್ಳಗಿನ, ಗಟ್ಟಿ ದನಿಯ ಹೆಂಗಸು. ಎವಾರಿಸ್ತೊ ಮಾವಿನ ಮರದ ಹಿಂದೆ ಏನೋ ಹುಡುಕಲು ಹೋದ.

“ಬಾಗಬಾರದು ಅಂತ ನಾನೇ ತಂದೆ,” ಅಂದಳು ಮಾಗ್ದಾ. “ಈ ಮನುಷ್ಯ ಇದನ್ನ ಮಡಚಿ ಜೇಬಿಗೆ ಹಾಕ್ಕೊಂಡ್ರೂ ಹಾಕ್ಕೊಂಡಾನೆ.”

ಒದಾಲಿಸ್ ಹೊದಿಕೆ ಬಿಚ್ಚಿ, ಗ್ಯಾಸ್ಕೆಟನ್ನು ಬೆಳಕಿಗೆ ಹಿಡಿದು ತೂತುಗಳನ್ನೆಲ್ಲ ನೋಡಿದಳು. ಆಮೇಲೆ, “ಬಾರಮ್ಮಾ, ಕಾಫಿ ಕುಡಿ. ಇವನ ಬಗ್ಗೆ ನಿಂಗೆ ಹೇಳೋದು ತುಂಬ ಇದೆ,” ಎಂದಳು.

ಇಬ್ಬರೂ ಒಳಗೆ ಕೂತು ಅದೇನು ಮಾತಾಡಿದರೋ, ನಗು ಅಂಗಳದವರೆಗೂ ಕೇಳಿಸಿತು. ನಾನೂ ಎವಾರಿಸ್ತೊನೂ ಗ್ಯಾಸ್ಕೆಟ್ ಕೂರಿಸಿ ಹೆಡ್ಡಿನ ಬೋಲ್ಟು ಬಿಗಿದೆವು. ಹೊರಗೆ ಬರುವ ಹೊತ್ತಿಗೆ ಹೆಂಗಸರು ಟ್ರ್ಯಾಕ್ಟರಿನ ವಿಷಯ ತೀರ್ಮಾನಿಸಿಯೇ ಬಿಟ್ಟಿದ್ದರು. ಬೀನ್ಸಿನ ಕಾಲಕ್ಕೆ ಇಲ್ಲಿ, ಭತ್ತದ ಕಾಲಕ್ಕೆ ಗುವಾಯೊಸ್‌ನಲ್ಲಿ. ಎವಾರಿಸ್ತೊನನ್ನು ಯಾರೂ ಕೇಳಲಿಲ್ಲ.

ಹೊಸ ಎಣ್ಣೆ ತುಂಬಿ, ಮೊದಲು ಕೈಯಿಂದಲೇ ಸಾಕಷ್ಟು ಸಲ ತಿರುಗಿಸಿದೆವು. ಆಮೇಲೆ ಒದಾಲಿಸ್ ಹತ್ತಿ ಕೂತಳು. ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಬಿಳಿ ಹೊಗೆ ಕಕ್ಕಿ, ಕೋಳಿಗಳನ್ನೆಲ್ಲ ಓಡಿಸಿ, ಕೊನೆಗೆ ಒಂದು ಲಯಕ್ಕೆ ಬಂತು. ಎವಾರಿಸ್ತೊ ಕಿವಿಯನ್ನು ಎಂಜಿನ್ನಿನ ಹತ್ತಿರಕ್ಕೆ ತಂದು ಕಣ್ಣು ಮುಚ್ಚಿ ಕೇಳಿದ. “ಮೂರನೇದು ಸ್ವಲ್ಪ ಗೊಣಗ್ತಾ ಇದೆ,” ಎಂದ.

“ಗೊಣಗ್ಲಿ ಬಿಡು,” ಎಂದಳು ಒದಾಲಿಸ್.

ಹೊಳೆಯಾಚೆಯ ಅವನ ಹೊಲದ ಮಣ್ಣು ಬೇಗ ಗಟ್ಟಿಯಾಗುತ್ತದೆ; ಮೊದಲು ಅದನ್ನೇ ಉಳಬೇಕು ಎಂದು ಗಾಡಿ ತಿರುಗಿಸಿದಳು. ಮಾಗ್ದಾ ತಾನೂ ಬರುತ್ತೇನೆಂದು ಚಕ್ರದ ಮೇಲಿನ ತಗಡು ಹತ್ತಿ ಕೂತು, ಒದಾಲಿಸ್‌ಳ ಭುಜವನ್ನು ಬಿಗಿಯಾಗಿ ಹಿಡಿದುಕೊಂಡಳು. ಎವಾರಿಸ್ತೊ ಹಿಂದೆ ಹಿಂದೆಯೇ, ನೇಗಿಲನ್ನು ಎಷ್ಟು ಆಳಕ್ಕೆ ಇಳಿಸಬೇಕೆಂದು ಕೂಗಿ ಹೇಳುತ್ತ ನಡೆದ. ಎಂಜಿನ್ನಿನ ಸದ್ದಿನಲ್ಲಿ ಅದು ಇಬ್ಬರಿಗೂ ಕೇಳಿಸಲಿಲ್ಲ.